ನೆಕ್ಕರ್ ದಂಡೆಯ ಟ್ಯೂಬಿಂಗನ್: ಕಿಟ್ಟೆಲ್ ಕೊನೆಯುಸಿರೆಳೆದ ಊರು

ಕನ್ನಡ ನಿಘಂಟನ್ನು ಕಟ್ಟಿಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ, ಜರ್ಮನಿಯ ಟ್ಯೂಬಿಂಗನ್ ಎಂಬ ಊರಿನಲ್ಲಿ. ಆ ನಿಘಂಟನ್ನು ಎಷ್ಟೋ ವರ್ಷಗಳಿಂದ ಬಳಸುತ್ತಿದ್ದರೂ ಈ ಊರು ಎಲ್ಲಿದೆ, ಹೇಗಿದೆ ಎಂದು ನಾನು ಯೋಚಿಸಿರಲಿಲ್ಲ. ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಹೋಗಿದ್ದಾಗ, ಅಲ್ಲಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲೇ ಟ್ಯೂಬಿಂಗನ್ ಇರುವುದು ನಕಾಶೆಯಲ್ಲಿ ಕಣ್ಣಿಗೆ ಬಿತ್ತು. ಬಿಡುವಿದ್ದ ಎರಡು ದಿನಗಳನ್ನು ಈ ಊರಿಗೇ ಮೀಸಲಿಟ್ಟೆ.

ರೈಲು ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ನೆಕ್ಕರ್ ನದಿಯ ಸೇತುವೆ ಸಿಗುತ್ತದೆ. ಊರನ್ನು ಮೊದಲ ಬಾರಿಗೆ ನೋಡಬೇಕಾದದ್ದು ಈ ಸೇತುವೆಯ ಮೇಲೆ ನಿಂತೇ. ಇಲ್ಲಿ ನೆಕ್ಕರ್ ದೊಡ್ಡ ನದಿಯಲ್ಲ. ನಮ್ಮ ಮಲೆನಾಡಿನ ಹೊಳೆಗಳಷ್ಟೇ ಅಗಲ, ಹರಿವೂ ನಿಧಾನ. ಎಡಗಡೆ ನದಿಯ ನಡುವಿನ ಉದ್ದನೆಯ ನಡುಗಡ್ಡೆಯಲ್ಲಿ ಹಳೆಯ ಪ್ಲೇನ್ ಮರಗಳ ಸಾಲು. ಬಲಗಡೆ ಹಳೆಯ ಊರಗೋಡೆಯ ಮೇಲೆಯೇ ಎದ್ದು ನಿಂತಂತೆ ಕಾಣುವ ಮನೆಗಳು. ಹಳದಿ, ಗುಲಾಬಿ, ತಿಳಿ ನೀಲಿ ಬಣ್ಣದ ಆ ಮನೆಗಳ ಕಡಿದಾದ ಮಾಡುಗಳು ಒಂದರ ಹಿಂದೊಂದು ಏರುತ್ತ ಹೋಗಿ, ಕೊನೆಗೆ ಚರ್ಚಿನ ಗೋಪುರದ ಎತ್ತರಕ್ಕೆ ಕಣ್ಣನ್ನು ಕರೆದೊಯ್ಯುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಎಷ್ಟೋ ನಗರಗಳು ನೆಲಸಮವಾದರೂ ಟ್ಯೂಬಿಂಗನ್ ಹೆಚ್ಚಿನ ಹಾನಿಯಿಲ್ಲದೆ ಉಳಿಯಿತು. ಹಾಗಾಗಿ ಇಲ್ಲಿ ಕಾಣುವ ಹಳತು ಬಹುಮಟ್ಟಿಗೆ ನಿಜವಾಗಿಯೂ ಹಳತೇ.

ಆ ಸಾಲಿನಲ್ಲಿ ನೀರಿನ ಅಂಚಿಗೇ ನಿಂತಿರುವ ಹಳದಿ ಗೋಪುರ ಕವಿ ಫ್ರೀಡ್ರಿಕ್ ಹೋಲ್ಡರ್ಲಿನ್ ಬದುಕಿದ್ದ ಮನೆ. ನನ್ನ ಹೆಚ್ಚಿನ ಹೊತ್ತು ಕಳೆದದ್ದು ಇಲ್ಲಿಯೇ. ಮನಸ್ಸಿನ ಕಾಯಿಲೆಗೆ ಸಿಕ್ಕಿದ ಹೋಲ್ಡರ್ಲಿನ್‌ನನ್ನು 1806ರಲ್ಲಿ ಈ ಊರಿನ ಆಸ್ಪತ್ರೆಗೆ ಸೇರಿಸಲಾಯಿತು. ಗುಣವಾಗುವ ಲಕ್ಷಣವಿಲ್ಲ, ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಎಂದು ಹೇಳಿ 1807ರಲ್ಲಿ ಅಲ್ಲಿಂದ ಕಳುಹಿಸಿದರು. ಆಗ ಅವನನ್ನು ಮನೆಗೆ ಕರೆದುಕೊಂಡು ಬಂದದ್ದು ಎರ್ನ್ಸ್ಟ್ ಝಿಮ್ಮರ್ ಎಂಬ ಬಡಗಿ. ಅವನಿಗೂ ಕವಿಗೂ ರಕ್ತಸಂಬಂಧವಿರಲಿಲ್ಲ. ಹೋಲ್ಡರ್ಲಿನ್ ಬರೆದ ಕಾದಂಬರಿಯೊಂದನ್ನು ಓದಿ ಮೆಚ್ಚಿದ್ದ, ಅಷ್ಟೇ. ಮೂರು ವರ್ಷವೆಂದು ವೈದ್ಯರು ಹೇಳಿದ್ದ ಜೀವ ಈ ಗೋಪುರದ ಕೋಣೆಯಲ್ಲಿ 36 ವರ್ಷ ಬಾಳಿತು. ಝಿಮ್ಮರ್ ತೀರಿಕೊಂಡ ಮೇಲೂ ಅವನ ಮನೆಯವರು ಕವಿಯ ಕೈಬಿಡಲಿಲ್ಲ.

ನೋಡಲು ಬಂದವರು ಕೇಳಿದರೆ ಹೋಲ್ಡರ್ಲಿನ್ ನಾಲ್ಕು ಸಾಲು ಬರೆದುಕೊಡುತ್ತಿದ್ದ. ಋತುಗಳ ಬಗ್ಗೆ, ಕಿಟಕಿಯಾಚೆಯ ಬಯಲಿನ ಬಗ್ಗೆ ಬರೆದ ಸರಳವಾದ ಆ ಪದ್ಯಗಳ ಕೆಳಗೆ ಎಷ್ಟೋ ಸಲ ‘ಸ್ಕಾರ್ಡನೆಲ್ಲಿ’ ಎಂಬ ಬೇರೆಯದೇ ಹೆಸರನ್ನೂ ತನ್ನ ಕಾಲದ್ದೇ ಅಲ್ಲದ ತಾರೀಖನ್ನೂ ಹಾಕುತ್ತಿದ್ದ. ಕೆಲವೊಮ್ಮೆ ಹೌದೆಂಬ ಅರ್ಥ ಕೊಡುವ, ಕೆಲವೊಮ್ಮೆ ಅಲ್ಲವೆಂಬ ಅರ್ಥ ಕೊಡುವ ‘ಪಲ್ಲಕ್ಷ್’ ಎಂಬ ಪದವನ್ನು ಅವನೇ ಕಟ್ಟಿಕೊಂಡಿದ್ದನಂತೆ. ಒಂದೊಂದು ಕನ್ನಡ ಪದಕ್ಕೂ ಅರ್ಥ ಗೊತ್ತುಮಾಡುವುದಕ್ಕಾಗಿ ದಶಕಗಳನ್ನೇ ಸವೆಸಿದ ಕಿಟ್ಟೆಲ್ ಕೊನೆಗೆ ಬಂದು ನೆಲೆಸಿದ್ದು, ಯಾವ ನಿಘಂಟಿಗೂ ಒಗ್ಗದ ಈ ಪದ ಹುಟ್ಟಿದ ಊರಿನಲ್ಲಿ. ಈಗಿನ ಗೋಪುರ 1875ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು ಎಂದು ತಿಳಿದಾಗ ಕ್ಷಣಕಾಲ ಮನಸ್ಸು ಪೆಚ್ಚಾಯಿತು. ಆದರೆ ಕಿಟಕಿಯ ಬಳಿ ನಿಂತು ಕೆಳಗೆ ನೋಡಿದರೆ ನದಿಯಂತೂ ಅದೇ.

ಗೋಪುರದಿಂದ ಕೆಲವೇ ಹೆಜ್ಜೆ ದೂರದಲ್ಲಿ 1536ರಲ್ಲಿ ಆರಂಭವಾದ ಪ್ರಾಟೆಸ್ಟೆಂಟ್ ಧರ್ಮಶಾಸ್ತ್ರದ ವಿದ್ಯಾರ್ಥಿನಿಲಯವಿದೆ. ಊರಿನವರು ಅದನ್ನು ‘ಶ್ಟಿಫ್ಟ್’ ಎನ್ನುತ್ತಾರೆ. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಕೊಂಡ ಕೆಪ್ಲರ್ ಇಲ್ಲಿಯೇ ಇದ್ದು ಓದಿದವನು. 1790ರ ಸುಮಾರಿಗೆ ಮುಂದೆ ತತ್ವಜ್ಞಾನಿಗಳಾಗಿ ಹೆಸರಾದ ಹೆಗೆಲ್, ಶೆಲ್ಲಿಂಗ್ ಮತ್ತು ನಮ್ಮ ಕವಿ ಹೋಲ್ಡರ್ಲಿನ್ ಮೂವರೂ ಇಲ್ಲಿ ಸಹಪಾಠಿಗಳು. ನಮಗೆ ಇನ್ನೂ ಹತ್ತಿರದ ಹೆಸರೆಂದರೆ ಹರ್ಮನ್ ಮೋಗ್ಲಿಂಗ್ ಅವರದು. ಅವರು ಟ್ಯೂಬಿಂಗನ್ನಿನಲ್ಲಿ ಧರ್ಮಶಾಸ್ತ್ರ ಓದಿ, 1836ರಲ್ಲಿ ಮಂಗಳೂರಿಗೆ ಬಂದು, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಮಲಯಾಳಂ ನಿಘಂಟು ರಚಿಸಿದ ಹರ್ಮನ್ ಗುಂಡರ್ಟ್ ಅವರೂ ಇದೇ ಊರಿನಲ್ಲಿ ಓದಿದವರು. ಈ ಇಬ್ಬರು ವಿದ್ಯಾರ್ಥಿಗಳು ಇಲ್ಲಿನ ಓಣಿಗಳಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಕವಿ ಗೋಪುರದಲ್ಲಿ ಜೀವಂತವಾಗಿದ್ದ. ಅವನು ಕಣ್ಣುಮುಚ್ಚಿದ್ದು 1843ರ ಜೂನ್ 7ರಂದು, ಮೊದಲ ಕನ್ನಡ ಪತ್ರಿಕೆ ಹೊರಬರುವುದಕ್ಕೆ ಮೂರು ವಾರಗಳಷ್ಟೇ ಮುಂಚೆ. ಎರಡೂ ಘಟನೆಗಳಿಗೆ ಸಂಬಂಧವೇನೂ ಇಲ್ಲ. ಆದರೂ ಆ ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ರೋಮಾಂಚನವಾಯಿತು.

ವಿಶ್ವವಿದ್ಯಾಲಯ ಶ್ಟಿಫ್ಟ್‌ಗಿಂತಲೂ ಹಳೆಯದು. ‘ಗಡ್ಡದ ಎಬರ್‌ಹಾರ್ಟ್’ ಎಂದೇ ಹೆಸರಾದ ಇಲ್ಲಿನ ಕೌಂಟ್, ಅಂದರೆ ಈ ಸೀಮೆಯ ಒಡೆಯ, 1477ರಲ್ಲಿ ಅದನ್ನು ಸ್ಥಾಪಿಸಿದ. ‘ಅಟ್ಟೆಂಪ್ಟೋ’, ಅಂದರೆ ‘ಧೈರ್ಯ ಮಾಡುತ್ತೇನೆ’ ಎಂಬುದು ಅವನ ಧ್ಯೇಯವಾಕ್ಯ. ಅವನ ಸಮಾಧಿ ಸೇಂಟ್ ಜಾರ್ಜ್ ಚರ್ಚಿನಲ್ಲಿದೆ. ಅದೇ ಎಬರ್‌ಹಾರ್ಟ್ ವಿಶ್ವವಿದ್ಯಾಲಯ ತೆರೆದ ಕಾಲದಲ್ಲಿಯೇ ಯಹೂದಿಗಳನ್ನು ಊರಿನಿಂದ ಹೊರಹಾಕಿದ ಎಂಬುದನ್ನೂ ಹೇಳಲೇಬೇಕು. ಶತಮಾನಗಳ ನಂತರ ಮತ್ತೆ ಬಂದು ನೆಲೆಸಿದವರು ಕಟ್ಟಿಕೊಂಡಿದ್ದ ಸಿನಗಾಗ್ ಎಂಬ ಪ್ರಾರ್ಥನಾಮಂದಿರಕ್ಕೆ 1938ರ ನವೆಂಬರ್‌ನಲ್ಲಿ ನಾಜಿಗಳು ಬೆಂಕಿಯಿಟ್ಟರು. ಅದಿದ್ದ ಜಾಗದಲ್ಲಿ ಈಗ ಸ್ಮಾರಕವಿದೆ. ಊರಿನ ಚೆಲುವಿಗೆ ಮನಸೋತು ಬರುವವರು ಅಲ್ಲಿಗೂ ಹೋಗಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮಾರುಕಟ್ಟೆ ಚೌಕದಲ್ಲಿ 1435ರಲ್ಲಿ ಕಟ್ಟಿದ ಪುರಭವನವಿದೆ. ಅದರ ಚಿತ್ರಮಯ ಮುಂಗೋಡೆಯ ಮೇಲಿರುವ ಖಗೋಳ ಗಡಿಯಾರವನ್ನು ಇಲ್ಲಿ ಪ್ರಾಧ್ಯಾಪಕನಾಗಿದ್ದ ಯೋಹಾನೆಸ್ ಶ್ಟೋಫ್ಲರ್ 1511ರಲ್ಲಿ ರೂಪಿಸಿದ. ಚೌಕದಿಂದ ಕೆಳಗಿಳಿದರೆ ಆಮ್ಮರ್ ಎಂಬ ತೊರೆಯ ಕಾಲುವೆ ಹರಿಯುವ ಕೆಳಪೇಟೆ. ಹಿಂದೆ ದ್ರಾಕ್ಷಿ ಬೆಳೆಗಾರರು ವಾಸವಾಗಿದ್ದ ಭಾಗವದು. ಮೇಲೆ ವಿದ್ವಾಂಸರು, ಕೆಳಗೆ ರೈತರು ಎಂಬ ಈ ಭೇದ ಮನೆಗಳ ಗಾತ್ರದಲ್ಲಿಯೇ ಎದ್ದು ಕಾಣುತ್ತದೆ. ನನಗೆ ಕೆಳಪೇಟೆಯೇ ಹೆಚ್ಚು ಇಷ್ಟವಾಯಿತು.

ಕೋಟೆಗೆ ಹತ್ತಲು ಕಲ್ಲು ಹಾಸಿದ ಕಡಿದಾದ ದಾರಿಯಿದೆ, ವಯಸ್ಸಾದವರಿಗೆ ತುಸು ಕಷ್ಟ. ಆದರೂ ಎರಡು ಕಾರಣಗಳಿಗಾಗಿ ಹತ್ತಲೇಬೇಕು. ಮೊದಲನೆಯದು, ಅಲ್ಲಿನ ಹಳೆಯ ಅಡುಗೆಮನೆ. ಅದು ವಿಶ್ವವಿದ್ಯಾಲಯದ ಪ್ರಯೋಗಾಲಯವಾಗಿದ್ದಾಗ, ಗಾಯದ ಬ್ಯಾಂಡೇಜುಗಳಿಂದ ತೆಗೆದ ಕೀವಿನ ಕೋಶಗಳನ್ನು ಪರೀಕ್ಷಿಸುತ್ತಿದ್ದ ಫ್ರೀಡ್ರಿಕ್ ಮೀಷರ್ ಎಂಬ ಯುವ ವಿಜ್ಞಾನಿ 1869ರಲ್ಲಿ ಹೊಸದೊಂದು ವಸ್ತುವನ್ನು ಬೇರ್ಪಡಿಸಿ ಅದನ್ನು ‘ನ್ಯೂಕ್ಲಿನ್’ ಎಂದು ಕರೆದ. ಇಂದು ನಾವು ಡಿಎನ್‌ಎ ಎನ್ನುವುದು ಅದನ್ನೇ. ಎರಡನೆಯದು, ಅಲ್ಲಿನ ವಸ್ತುಸಂಗ್ರಹಾಲಯದಲ್ಲಿರುವ ಫೋಗಲ್‌ಹರ್ಡ್ ಗುಹೆಯ ಪುಟ್ಟ ಕುದುರೆ. ಆನೆಯನ್ನು ಹೋಲುವ, ಈಗ ಅಳಿದುಹೋಗಿರುವ ಮ್ಯಾಮತ್ ಪ್ರಾಣಿಯ ದಂತದಲ್ಲಿ ಕಡೆದ, ಬೆರಳಿಗಿಂತ ಚಿಕ್ಕದಾದ ಆ ಕುದುರೆಗೆ ಸುಮಾರು 40,000 ವರ್ಷಗಳಾಗಿವೆ. ಬಾಗಿದ ಅದರ ಕುತ್ತಿಗೆಯ ನಯವನ್ನು ನೋಡುತ್ತ ನಿಂತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಬೇಸಿಗೆಯಲ್ಲಿ ಹೋದವರು ದೋಣಿ ಹತ್ತದೆ ಬರಬಾರದು. ಇಲ್ಲಿನ ಉದ್ದನೆಯ ಚಪ್ಪಟೆ ದೋಣಿಗಳನ್ನು ಹುಟ್ಟು ಹಾಕಿ ನಡೆಸುವುದಿಲ್ಲ. ಹಿಂಬದಿಯಲ್ಲಿ ನಿಂತವರು ಉದ್ದನೆಯ ಜಲ್ಲೆಯನ್ನು ನದಿಯ ತಳಕ್ಕೆ ಊರಿ ಮುಂದಕ್ಕೆ ತಳ್ಳುತ್ತಾರೆ. ಜೂನ್ ಸುಮಾರಿಗೆ ನಡುಗಡ್ಡೆಯ ಸುತ್ತ ಈ ದೋಣಿಗಳ ಪಂದ್ಯ ನಡೆಯುತ್ತದೆ. ಕೊನೆಯ ಸ್ಥಾನ ಪಡೆದ ತಂಡದವರು ಎಲ್ಲರೆದುರು ಮೀನೆಣ್ಣೆ ಕುಡಿಯಬೇಕು, ಮುಂದಿನ ವರ್ಷದ ಪಂದ್ಯವನ್ನು ತಾವೇ ಏರ್ಪಡಿಸಬೇಕು.

ಎರಡನೆಯ ದಿನದ ಸಂಜೆ ಪ್ಲೇನ್ ಮರಗಳ ಸಾಲಿನ ಕೆಳಗೆ ಒಂದು ಬೆಂಚಿನಲ್ಲಿ ಕುಳಿತು ಕಿಟ್ಟೆಲ್ ಅವರನ್ನು ನೆನೆಯುತ್ತಿದ್ದೆ. 1894ರಲ್ಲಿ ಸುಮಾರು 70,000 ಪದಗಳ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ಕನ್ನಡ ವ್ಯಾಕರಣ ಹೊರಬಂದ 1903ರಲ್ಲಿಯೇ, ಡಿಸೆಂಬರಿನ ಚಳಿಯಲ್ಲಿ, ಅವರು ಇಲ್ಲಿ ತೀರಿಕೊಂಡರು. ಧಾರವಾಡದ ಮಳೆ, ಮಂಗಳೂರಿನ ಸೆಕೆ, ಕೊಡಗಿನ ಮಂಜು ಎಲ್ಲವನ್ನೂ ಕಂಡಿದ್ದ ಆ ಮುದುಕ ಈ ದಂಡೆಯಲ್ಲಿ ನಡೆಯುವಾಗ ‘ಹೊಳೆ’ ಎಂಬ ಪದ ಅವರ ನಾಲಗೆಗೆ ಬಂದಿರಬಹುದೇ ಎಂದು ಯೋಚಿಸುತ್ತಿದ್ದೆ. ಎದುರು ದಂಡೆಯ ಹಳದಿ ಗೋಪುರದಲ್ಲಿ ದೀಪ ಹೊತ್ತಿತು. ಕೊನೆಯ ದೋಣಿಯನ್ನು ಯಾರೋ ಒಬ್ಬ ವಿದ್ಯಾರ್ಥಿನಿ ಜಲ್ಲೆಯೂರಿ ದಡಕ್ಕೆ ತರುತ್ತಿದ್ದಳು.