ನಾಲ್ಕೂ ಟೈರ್ ಒಂದೇ ಸಮ ಇರಬೇಕು

ಶ್ರೀನಿವಾಸಪುರದ ಕಡೆ ಮಾವಿನ ತೋಪು ಇರುವವರಿಗೆ ಮುಂಗಾರಿಗೆ ಮುಂಚಿನ ಮಳೆ ಎಂಥದ್ದೆಂದು ಗೊತ್ತು. ಬೇನಿಷಾ ಮಾವು ಕೊಯ್ಲಿಗೆ ಬಂದಿರುತ್ತದೆ. ಸಂಜೆ ಒಂದು ಹದ ಮಳೆ ಬಿದ್ದರೆ ಸಾಕು, ತೋಪಿನ ದಾರಿಯ ಕೆಮ್ಮಣ್ಣು ಬೆಣ್ಣೆಯ ಹಾಗೆ ಜಾರುತ್ತದೆ. ಜೀಪು ತಗೊಳ್ಳಿ ಅಂದವರೇ ಹೆಚ್ಚು. ಆದರೆ ಮಂಡಿ ನೋವಿರುವ ಅಮ್ಮನನ್ನು ಜೀಪಿಗೆ ಹತ್ತಿಸಿ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ನನಗೆ ಮನಸ್ಸಾಗಲಿಲ್ಲ. ಕಾರಿನಂತೆ ಆರಾಮಾಗಿ ಕೂರಬೇಕು, ಕೆಸರಲ್ಲಿ ನಾಲ್ಕೂ ಚಕ್ರ ಎಳೆಯಬೇಕು, ಹಿಂದೆ ಕ್ರೇಟು ಹಿಡಿಸಬೇಕು. ನಮ್ಮ ದುಡ್ಡಿಗೆ ಸಿಗುವುದೆಂದರೆ ಸೆಕೆಂಡ್ ಹ್ಯಾಂಡ್ ರೆನೋ ಡಸ್ಟರ್ ಆಲ್ ವೀಲ್ ಡ್ರೈವ್, 1.5 ಲೀಟರ್ ಡೀಸೆಲ್, 2015ರ ಮಾಡೆಲ್.

ದೆಹಲಿ ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂದು ಬ್ರೋಕರ್ ಒಬ್ಬರು ಆಸೆ ತೋರಿಸಿದ್ದರು. ಆಗ ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ಬೆಲೆ ಇರಲಿಲ್ಲ, ನಿಜ. ಆದರೆ ಅಲ್ಲಿಂದ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಬೇಕು. ಬೇಡವೆಂದು ಕೆಎ ನಂಬರಿನದನ್ನೇ ಹುಡುಕಿದೆ.

ಗಾಡಿ ನೋಡಲು ಕೋಲಾರದ ಮೆಕ್ಯಾನಿಕ್ ಭಾಯ್ ಅವರನ್ನು ಕರೆದುಕೊಂಡು ಹೋದೆ. ಪೇಂಟ್ ಹೊಳೆಯುತ್ತಿತ್ತು, ಇಂಜಿನ್ ಸದ್ದೂ ಚೆನ್ನಾಗಿತ್ತು. ಅವರು ಬಾನೆಟ್ ಕಡೆ ತಿರುಗಲೇ ಇಲ್ಲ, ನೇರ ಕುಕ್ಕರುಗಾಲಲ್ಲಿ ಕೂತು ಟೈರಿನ ಗೀಟಿನೊಳಗೆ ಸ್ಕೇಲ್ ಇಟ್ಟರು. ಮುಂದಿನ ಎರಡು ಹೊಸದು, ಹಿಂದಿನ ಎರಡು ಸವೆದದ್ದು.

"ಸಾರ್, ಬರೀ ಮುಂದಿನ ಚಕ್ರ ಎಳೆಯೋ ಗಾಡಿ ಆಗಿದ್ರೆ ಪರವಾಗಿಲ್ಲ ಅಂತಿದ್ದೆ. ಇದಕ್ಕೆ ನಾಲ್ಕೂ ಸಮ ಇರಬೇಕು."

ಸವೆದ ಟೈರ್ ಗಾತ್ರದಲ್ಲಿ ಚಿಕ್ಕದು, ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ. ಹಿಂದಿನ ಎರಡು ಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಶಿಯಲ್‌ನ ಮುಂದೆ, ಇಂಜಿನ್ನಿನ ಎಳೆತವನ್ನು ಅದಕ್ಕೆ ಜೋಡಿಸುವ ಕಪ್ಲಿಂಗ್ ಕೂತಿರುತ್ತದೆ. ಅದು ಈ ವ್ಯತ್ಯಾಸವನ್ನು ಸದಾ ತಡೆದುಕೊಳ್ಳಬೇಕಾಗುತ್ತದೆ. ಅದರೊಳಗಿನ ಕ್ಲಚ್ ಪ್ಲೇಟುಗಳು ಬಿಸಿಯಾಗಿ ಸವೆಯುತ್ತವೆ. ಆ ಕಪ್ಲಿಂಗ್ ಹೋದರೆ ನಾಲ್ಕು ಟೈರಿನ ಬೆಲೆ ಏನೇನೂ ಅಲ್ಲ.

ಆಮೇಲೆ ಗಾಡಿಯನ್ನು ಲಿಫ್ಟಿಗೆ ಏರಿಸಿ, ಹಿಂದಿನ ಚಕ್ರಕ್ಕೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಅಲುಗಿಸಿದರು, ಹಿಂದೆ ಆಯಿಲ್ ಸೋರಿದ ಕಲೆ ಇದೆಯೇ ಎಂದು ಬೆರಳಿನಲ್ಲಿ ಒರೆಸಿ ನೋಡಿದರು. ಬೆರಳಿಗೆ ಒಣ ಧೂಳು ಬಿಟ್ಟು ಬೇರೇನೂ ಅಂಟಲಿಲ್ಲ. ನಾಲ್ಕು ಟೈರಿನ ದುಡ್ಡು ಕಳೆದು ವ್ಯಾಪಾರ ಮುಗಿಸಿದೆವು. ಗಾಡಿಯನ್ನು ನನ್ನ ಹೆಸರಿಗೆ ವರ್ಗಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡೆ, ಇನ್ಶೂರೆನ್ಸ್ ಕೂಡ ನನ್ನ ಹೆಸರಿಗೆ ಬಂತು. 215/65 ಆರ್16 ಅಳತೆಯ, ಒಂದೇ ಕಂಪನಿಯ ನಾಲ್ಕು ಟೈರ್ ಹಾಕಿಸಿಯೇ ಊರಿಗೆ ತಂದೆ.

ಆ ವರ್ಷದ ಕೊಯ್ಲಿನಲ್ಲಿ, ಕೆರೆ ಕಟ್ಟೆ ಇಳಿದು ತೋಪಿಗೆ ಏರುವ ಜಾಗದಲ್ಲಿ, ಹಿಂದೆ ಕ್ರೇಟು ತುಂಬಿ ಅಮ್ಮ, ಮಕ್ಕಳ ಸಮೇತ ಹೊರಟಾಗ ಮಳೆ ಸಿಕ್ಕಿತು. ಡ್ರೈವ್ ಬದಲಿಸುವ ಗುಬಟನ್ನು, ಹಿಂದಿನ ಚಕ್ರಕ್ಕೂ ಎಳೆತ ಕೊಡುವ ಲಾಕ್‌ಗೆ ತಿರುಗಿಸಿ ಒಂದನೇ ಗೇರಿನಲ್ಲಿ ಬಿಟ್ಟೆ. ಒಂದನೇ ಗೇರ್ ಬಹಳ ಗಿಡ್ಡ, ಗಾಡಿ ನಡೆದಷ್ಟೇ ವೇಗ. ಮುಂದಿನ ಚಕ್ರ ಅರೆಗಳಿಗೆ ಸುಮ್ಮನೆ ತಿರುಗಿತು, ಕೆಸರು ಬಾನೆಟ್ ಮೇಲೆ ಹಾರಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಹೆಗಲು ಕೊಟ್ಟು ತಳ್ಳಿದಂತೆ ಆಯಿತು. ಗಾಡಿ ಏರಿತು. "ಟ್ರಾಕ್ಟರ್ ಕರೀಲಿಲ್ವೇನೋ?" ಎಂದು ಅಮ್ಮ ಕೇಳಿದರು.

ಇಳಿಯುವಾಗ ಮಾತ್ರ ನಾಲ್ಕು ಚಕ್ರದ ಎಳೆತ ಬ್ರೇಕಿನ ಕೆಲಸ ಮಾಡುವುದಿಲ್ಲ. ಜಾರುವ ಮಣ್ಣಿನಲ್ಲಿ ಬ್ರೇಕ್ ಹಾಕುವ ವಿಷಯಕ್ಕೆ ಎಲ್ಲ ಗಾಡಿಯೂ ಒಂದೇ. ಟಾರ್ ರಸ್ತೆಗೆ ಬಂದ ಮೇಲೆ ಲಾಕ್ ತೆಗೆಯಲೇಬೇಕು, ಇಲ್ಲದಿದ್ದರೆ ಬಿಗಿ ತಿರುವಿನಲ್ಲಿ ಗಾಡಿ ಎಳೆದಾಡುತ್ತದೆ. ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಕೊಟ್ಟಿದ್ದೇನೆ. ಟೈರುಗಳನ್ನು ಹಿಂದೆ ಮುಂದೆ ಬದಲಿಸಿ ಸಮವಾಗಿ ಸವೆಯುವಂತೆ ನೋಡಿಕೊಳ್ಳುತ್ತೇನೆ.

ಮುಂದಿನ ಖರ್ಚು ಟೈಮಿಂಗ್ ಬೆಲ್ಟಿನದು, ಅಂದರೆ ಇಂಜಿನ್ನಿನ ವಾಲ್ವು, ಪಿಸ್ಟನ್ ಹೊಂದಿಕೊಂಡು ಚಲಿಸುವಂತೆ ನೋಡಿಕೊಳ್ಳುವ ಪಟ್ಟಿಯದು. ಈ ಇಂಜಿನ್ನಿಗೆ ಚೈನ್ ಇಲ್ಲ, ಬೆಲ್ಟ್ ಕಡಿದರೆ ವಾಲ್ವು, ಪಿಸ್ಟನ್ ಎರಡೂ ಬಡಿದುಕೊಳ್ಳುತ್ತವೆ. ಹಳೇ ಮಾಲೀಕರ ಬಳಿ ಬೆಲ್ಟ್ ಬದಲಿಸಿದ ಬಿಲ್ ಇರಲಿಲ್ಲ. ತೋತಾಪುರಿ ಕೊಯ್ಲಿಗೆ ಮುಂಚೆ ಮಾಡಿಸಿಬಿಡಿ ಎಂದು ಭಾಯ್ ಹೇಳಿದ್ದಾರೆ, ಈ ವಾರವೇ ಗಾಡಿಯನ್ನು ಕೋಲಾರಕ್ಕೆ ಬಿಟ್ಟು ಬರುತ್ತೇನೆ.