ಚಲೋ ಎಲೆಯೇ ಬೇಕು

"ಒಣಗಿದ್ದು ಬಿಟ್ಟು ಚಲೋ ಎಲೇನೇ ಎಂತಕ್ಕೆ ಕೊಯ್ತೀ ತಂಗಿ?"

ದೋಣಿಯವರ ಈ ಮಾತು ವಾರವಿಡೀ ನನ್ನ ತಲೆಯಲ್ಲೇ ಕೂತಿದೆ. ಅಕ್ಕನ ಮಗಳ ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಕಾಂಡ್ಲ (ಮ್ಯಾಂಗ್ರೋವ್) ಎಲೆ ಬೇಕಿತ್ತು. ನಾನು ಸುಮ್ನೆ ಚೀಲ ಹಿಡಿಯಲು ಹೋಗಿದ್ದೆ.

"ಒಳಗೆ ಬೂಸ್ಟು ಇದೆಯಾ ನೋಡ್ಬೇಕು" ಎಂದಳು. ಅವರು ಎಲೆಯನ್ನು ಮಗುಚಿ ನೋಡಿದರು. ಒಂದು ಚುಕ್ಕೆಯೂ ಇಲ್ಲ.

"ಇದಕ್ಕೆಂತಾ ಆಗಿದೆ? ಚಲೋ ಇದೆಯಲ್ಲ!"

"ಚಲೋ ಇರೋದೇ ಬೇಕು."

ಅವರ ಮುಖ ನೋಡಬೇಕಿತ್ತು. ನನ್ನದೂ ಹಾಗೇ ಇತ್ತೇನೋ.

ಲ್ಯಾಬಿನಲ್ಲಿ ಎಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಬ್ಲೀಚಿನಲ್ಲಿಟ್ಟು, ಶುದ್ಧ ನೀರಿನಲ್ಲಿ ಜಾಲಿಸಿದಳಂತೆ. ಮೈಮೇಲಿನ ಬೂಸ್ಟೆಲ್ಲ ಸಾಯಬೇಕು. ಕೊನೆಯ ಸಲ ಜಾಲಿಸಿದ ನೀರನ್ನೂ ಬೇರೆ ತಟ್ಟೆಗೆ ಹಾಕಿಡುತ್ತಾರೆ. ಅದರಲ್ಲಿ ಏನಾದರೂ ಬೆಳೆದರೆ ತೊಳೆದದ್ದು ಸಾಲದು. ಇವಳು ಮನೆಯಲ್ಲಿ ಲೋಟ ತೊಳೆಯುವುದನ್ನು ಕಂಡವರು ಇದನ್ನು ನಂಬಲಾರರು.

ನಿನ್ನೆ ಫೋಟೋ ಬಂತು. ಬೂಸ್ಟು ಬೆಳೆಸಲು ತಟ್ಟೆಯಲ್ಲಿ ಹಾಕಿದ ಆಲೂಗಡ್ಡೆ ರಸದ ಅಗರ್ ಜೆಲ್ಲಿಯ ಮೇಲೆ ಉಗುರಿಗಿಂತ ಚಿಕ್ಕ ಎಲೆ ಚೂರು. ಕತ್ತರಿಸಿದ ಅಂಚಿನಿಂದ ಬಿಳಿ ಎಳೆಗಳು ಹೊರಗೆ ಹರಡಿವೆ. ಜಾಲಿಸಿದ ನೀರಿನ ತಟ್ಟೆಯಲ್ಲಿ ಏನೂ ಬೆಳೆದಿಲ್ಲ. ಅಂದರೆ ಬೂಸ್ಟು ಒಳಗೇ ಇತ್ತು!

ಚಿಗುರೆಲೆಯಲ್ಲಿ ಇವು ಕಡಿಮೆಯಂತೆ. ಎಲೆ ಬಲಿತ ಹಾಗೆ ಗಾಳಿಯಲ್ಲಿ, ಮಳೆಯಲ್ಲಿ ಬಂದ ಬೀಜಕಣಗಳು ಒಳಸೇರಿ ಜಾಸ್ತಿಯಾಗುತ್ತವೆ. ಕೆಲವು ಗಿಡಕ್ಕೆ ಉಪಕಾರಿ, ಕೆಲವು ಗಿಡ ಸೋತಾಗ ರೋಗ ತರುವ ಸಮಯಸಾಧಕರು, ಮಿಕ್ಕವು ಬಾಡಿಗೆದಾರರ ಹಾಗೆ ತಮ್ಮ ಪಾಡಿಗೆ ಇರುತ್ತವೆ. ಎಲೆ ಉದುರಿ ಕೆಸರಿಗೆ ಬಿದ್ದರೆ ಅದನ್ನು ಕೊಳೆಸುವ ಕೆಲಸವನ್ನು ಮೊದಲು ಶುರುಮಾಡುವವರಲ್ಲಿ ಇವೂ ಇವೆ. ಒಗರು ಎಲೆ ಆಗ ಮೆತ್ತಗಾಗಿ ಏಡಿ, ಸಿಗಡಿಯ ಹೊಟ್ಟೆ ಸೇರುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ದೋಣಿಯವರು ಕೇಳಿದ್ದು ಒಂದೇ: "ಹಾಗಾದ್ರೆ ಏಡಿ ತಿನ್ನೋದು ಎಲೇನೋ, ಬೂಸ್ಟೋ?"

ಎರಡೂ. ಆದರೆ ಅವಳ ಗೈಡು ಕೇಳಬೇಕಾದ ಪ್ರಶ್ನೆ ಅದು. ಆ ಮಹಾಶಯರು ಕೇಳಿದ್ದು ಎಲೆ ಚೀಲಕ್ಕೆ ಲೇಬಲ್ ಅಂಟಿಸಿದ್ದೀಯಾ ಅಂತ.

2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಒಳ್ಳೆಯದೇ. ಹಕ್ಕಿ ಎಣಿಸುತ್ತೇವೆ, ಬಳಚು (ಚಿಪ್ಪುಮೀನು) ತೂಗುತ್ತೇವೆ, ನೆಟ್ಟ ಸಸಿಗಳ ಲೆಕ್ಕ ಬರೆಯುತ್ತೇವೆ. ಎಲೆಯೊಳಗೆ ಇರುವವರನ್ನೂ ಯಾವುದಾದರೂ ಲೆಕ್ಕಕ್ಕೆ ಸೇರಿಸಬೇಕು ಅಲ್ವಾ?

ಮುಂದಿನ ಸಲ ಅವಳಿಗೆ ಬೇರು ಬೇಕಂತೆ. ಬರಿಗೈಲಿ ಮುಟ್ಟಬೇಡಿ, ಬೇರಿಗೆ ಅಂಟಿದ ಚಿಪ್ಪು ಕೊಯ್ಯುತ್ತದೆ ಎಂದು ದೋಣಿಯವರು ಈಗಲೇ ಹೇಳಿಟ್ಟಿದ್ದಾರೆ.