ಹಸುವಿಲ್ಲದ ಗೋಪೂಜೆ

22 ಅಕ್ಟೋಬರ್ 2025, ಬುಧವಾರ ರಾತ್ರಿ

ಬಲಿಪಾಡ್ಯಮಿ ಮುಗಿಯಿತು. ಸೌತೆಕಾಯಿ ಕಡುಬು ಸ್ವಲ್ಪ ಜಾಸ್ತಿಯೇ ಆಗಿದೆ, ಸದ್ಯಕ್ಕೆ ಮಲಗುವ ಹಾಗಿಲ್ಲ.

ಈ ಸಲ ದೀಪಾವಳಿ ಶುರುವಿನಿಂದಲೂ ಗೊಂದಲ. ಅಮಾವಾಸ್ಯೆ ಸೋಮವಾರ ಮಧ್ಯಾಹ್ನ ಹಿಡಿದು ಮಂಗಳವಾರ ಸಂಜೆ ಬಿಟ್ಟಿತು. ಲಕ್ಷ್ಮೀಪೂಜೆ ಯಾವತ್ತು ಅಂತ ದೊಡ್ಡಮ್ಮನಿಗೂ ಅಮ್ಮನಿಗೂ ಫೋನಿನಲ್ಲೇ ವಾದ. ಸರ್ಕಾರಿ ರಜೆ ಸೋಮವಾರ ಮತ್ತು ಬುಧವಾರ, ನಡುವಿನ ಮಂಗಳವಾರ ನಾವೇ ರಜೆ ಹಾಕಿಕೊಳ್ಳಬೇಕು. ನೀರು ತುಂಬುವುದು, ಎಣ್ಣೆ ಸ್ನಾನ, ಪಟಾಕಿ ಎಲ್ಲ ಇದ್ದದ್ದೇ.

ನಮ್ಮ ಹಸು ಕೆಂಪಿಯನ್ನು ಬೇಸಿಗೆಯಲ್ಲೇ ಕೊಟ್ಟಾಗಿದೆ. ಅಪ್ಪನಿಗೆ ಮಂಡಿನೋವು. ಕೊಟ್ಟಿಗೆಯಲ್ಲಿ ಈಗ ಅಡಿಕೆ ಚೀಲ, ಅಣ್ಣನ ಹಳೇ ಬೈಕು. ಆದರೂ ನಿನ್ನೆ ರಾತ್ರಿ ಅಪ್ಪ ಜಗಲಿಯಲ್ಲಿ ಕೂತು ಅಡಿಕೆ ಸರ ಪೋಣಿಸುತ್ತಿದ್ದರು, ನಡುನಡುವೆ ಚೆಂಡು ಹೂವು. ಯಾರಿಗೆ ಅಂತ ಯಾರೂ ಕೇಳಲಿಲ್ಲ. ಬೆಳಗ್ಗೆ ಅದನ್ನು ಪಕ್ಕದ ಮನೆಯ ಜೆರ್ಸಿಯ ಕೊರಳಿಗೆ ಕಟ್ಟಿದೆವು. ಆರತಿ ಮುಗಿಯುವ ಮೊದಲೇ ಅದು ಪಕ್ಕದಲ್ಲಿದ್ದ ಕರುವಿನ ಹಾರವನ್ನೆಲ್ಲ ತಿಂದು ಹಾಕಿತು. ಪುಟ್ಟಿ ಚಪ್ಪಾಳೆ ತಟ್ಟಿದಳು. ಅಪ್ಪ ನಗಲಿಲ್ಲ.

ತಿಂಡಿಗೆ ಕೂತಾಗ ಅಣ್ಣ ಶುರು ಮಾಡಿದ. "ಇನ್ನೊಂದು ಹಸು ತರೋಣ. ಮಲೆನಾಡು ಗಿಡ್ಡ ಆದ್ರೂ ಸಾಕು. ಹಬ್ಬದ ದಿನ ಮನೇಲಿ ದನ ಇಲ್ಲ ಅಂದ್ರೆ ಹೆಂಗೆ?"

ಅಮ್ಮ ತಿರುಗಿಯೂ ನೋಡಲಿಲ್ಲ. "ತಾ, ಯಾರು ಬೇಡ ಅಂದ್ರು? ಸಗಣಿ ಬಾಚೋಕೆ ನೀನೂ ಇಲ್ಲೇ ಇರು."

"ಗಿಡ್ಡಕ್ಕೆ ಏನಮ್ಮಾ ಆರೈಕೆ, ಬೆಟ್ಟಕ್ಕೆ ಬಿಟ್ರೆ ಮೇಯ್ಕೊಂಡು ಬರತ್ತೆ."

"ಸಂಜೆ ಬರದಿದ್ರೆ ಹುಡುಕೋಕೆ ಹೋಗೋರು ಯಾರು? ನಿಮ್ಮಪ್ಪನಾ?" ಕಾವಲಿ ಮೇಲೆ ಇನ್ನೊಂದು ದೋಸೆ ಹುಯ್ದಳು. "ಈ ಮಳೆಗಾಲ ಒಂದು ಹೊರೆ ಸೊಪ್ಪು ಹೊತ್ತಿಲ್ಲ ನಾನು. ಮದುವೆಯಾಗಿ ಬಂದ ಮೇಲೆ ಇದೇ ಮೊದಲು. ನನ್ನ ಬೆನ್ನನ್ನ ಕೇಳು, ಹೇಗಿದೆ ಅಂತ."

ಯಾರೂ ಮಾತಾಡಲಿಲ್ಲ. ನನ್ನ ಫೋನಿನ ಪರದೆ ಮೇಲೆ ಇನ್ನೂ ಕೆಂಪಿಯದೇ ಫೋಟೋ ಇದೆ. ವರ್ಷಕ್ಕೊಮ್ಮೆ ಬಂದು ಅದರ ಕುತ್ತಿಗೆ ತಬ್ಬಿ ಫೋಟೋ ತೆಗೆಸಿಕೊಳ್ಳುವವರಿಗೇ ಬೇಜಾರು ಜಾಸ್ತಿ, ಅಲ್ವಾ? ಬೆಳಗಾಗುವ ಮೊದಲೇ ಎದ್ದು ಹಾಲು ಕರೆದವಳು ಆರಾಮಾಗಿದ್ದಾಳೆ. ನನಗಂತೂ ಅಮ್ಮ ಹೇಳಿದ್ದೇ ಸರಿ. ಆದರೆ ಪ್ಯಾಕೆಟ್ ಹಾಲಿನ ಕಾಫಿ ಬೇಡ ಅಂತ ಅಪ್ಪ ಹಾಲಿಲ್ಲದ ಕಷಾಯ ಕುಡಿಯುತ್ತಾರೆ, ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಅದನ್ನು ನೋಡಿದರೆ ಮತ್ತೆ ಮನಸ್ಸು ಆ ಕಡೆ ವಾಲುತ್ತದೆ.

ಈಗಷ್ಟೇ ದೀಪ ಹಿಡಿದು ಹಾಡುತ್ತಾ ಬರುವ ಅಂಟಿಗೆ ಪಂಟಿಗೆಯವರು ಬಂದು ಹೋದರು. ದೀಪ ಆರದ ಹಾಗೆ ಮನೆಯಿಂದ ಮನೆಗೆ ನಡೆಯಬೇಕು, ಮಳೆ ಬೇರೆ ಹನಿಯುತ್ತಿತ್ತು. ಅಮ್ಮ ದೀಪಕ್ಕೆ ಎಣ್ಣೆ ಎರೆದು ಅಕ್ಕಿ, ಕಾಯಿ ಕೊಟ್ಟಳು. ಹಾಡುವವರಲ್ಲಿ ಅರ್ಧ ಜನ ಬೆಂಗಳೂರಿನಿಂದ ರಜೆಗೆ ಬಂದ ಹುಡುಗರು. ಪದ ಮರೆತಾಗ ಮೊಬೈಲ್ ನೋಡಿಕೊಂಡು ಹಾಡಿದರು. ಹಾಡಲಿ ಬಿಡಿ, ಬಂದರಲ್ಲ. ಅವರಲ್ಲೊಬ್ಬ ಕೊಟ್ಟಿಗೆಗೂ ದೀಪ ತೋರಿಸಬೇಕಾ ಅಂತ ಕೇಳಿದ. ಅಪ್ಪ ಹೂಂ ಅಂದರು. "ತೋರಿಸಿ, ಬೈಕು ಕಾಯ್ತಾ ಇದೆ" ಅಂದಳು ಅಮ್ಮ.

ನಾಳೆ ಅಣ್ಣ ಹೊರಡುವ ಮುಂಚೆ ಈ ಮಾತು ಮತ್ತೆ ಬಂದೇ ಬರುತ್ತದೆ. ಸಂಜೆ ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು, ಹಾಲು ಕರೆಯೋಕೆ ಒಬ್ಬರನ್ನು ಇಟ್ಟುಕೊಂಡರೆ ಹೇಗೆ ಅಂತ ಕೇಳುತ್ತಿದ್ದರು. ಅಮ್ಮ ಏನೋ ಹೇಳಿದಳು, ಮಿಕ್ಸಿ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.